ಶಾಂತಿ ಗುಮಾಸ್ತನ ಕಲಹಸಾಹಸ

ಆ ದಿನದ ಸಮಸ್ತ ಅನರ್ಥಕ್ಕೂ ಮೂಲಕಾರಣ ಇಷ್ಟೇ: ಮೇಲಿನ ಬೀದಿಯವರಾಗಲಿ ಕೆಳಗಿನ ಬೀದಿಯವರಾಗಲಿ ಬಹುಕಾಲದಿಂದ ಜಗಳವಾಡಿರಲಿಲ್ಲ.

ಜಗಳವಿಲ್ಲದಿರುವುದು ಅನರ್ಥವಾಗುವುದು ಹೇಗೆಂದು ಓದುಗರು ಹುಬ್ಬೇರಿಸಬಹುದು. ಆದರೆ ಜಗಳವನ್ನು ನಿಲ್ಲಿಸುವುದೇ ಒಬ್ಬನ ಉದ್ಯೋಗವಾಗಿದ್ದು, ಆ ಉದ್ಯೋಗವನ್ನು ಅವನು ಪ್ರಾಮಾಣಿಕವಾಗಿ ಮಾಡಿ ಮುಗಿಸಿಯೂ ಬಿಟ್ಟಿದ್ದರೆ, ಅವನ ಗತಿ ಊರಿನ ರೋಗಿಗಳನ್ನೆಲ್ಲ ಗುಣಪಡಿಸಿ ಬಾಗಿಲಲ್ಲಿ ನೊಣ ಹೊಡೆಯುತ್ತ ಕುಳಿತ ವೈದ್ಯನ ಗತಿಯೇ ಸರಿ. ನಮ್ಮ ಶಾಂತಿ ಗುಮಾಸ್ತ ಅಂಥ ಪುಣ್ಯವಂತ, ಅಂಥ ನತದೃಷ್ಟ.

ಅವನಿಗೆ ಸಂಬಳ ಕೊಡುತ್ತಿದ್ದುದು ಸರ್ವರಾಷ್ಟ್ರ ಮೈತ್ರಿಮಂಡಲಿ. ಹಲವು ದೇಶಗಳು ಕೂಡಿ ಕಟ್ಟಿಕೊಂಡ ಮಹಾಸಂಸ್ಥೆ ಅದು. ಲೋಕದಲ್ಲಿ ಎಲ್ಲಿ ಹೊಡೆದಾಟವಾದರೂ ನಡುವೆ ಹೋಗಿ ನಿಲ್ಲುವುದು, ಹಸಿದಲ್ಲಿ ಹಿಟ್ಟು, ಬಾಯಾರಿದಲ್ಲಿ ನೀರು, ನಡುಗುವಲ್ಲಿ ಕಂಬಳಿ ಒದಗಿಸುವುದು ಅದರ ಧರ್ಮ. ಈ ಧರ್ಮಕ್ಕೆ ಧನಸಹಾಯ ಮಾಡುವೆವೆಂದು ಸದಸ್ಯರಾಷ್ಟ್ರಗಳು ಮಹಾಸಭೆಯಲ್ಲಿ ಧಾರಾಳವಾಗಿ ಕೈಯೆತ್ತುತ್ತವೆ. ಮೇಲೆತ್ತಿದ ಆ ಕೈ ಜೇಬಿನ ಕಡೆಗೆ ಇಳಿಯಬೇಕಾದಾಗ ಮಾತ್ರ ಅದಕ್ಕೆ ಪಾರ್ಶ್ವವಾಯು ಬಡಿಯುತ್ತದೆ.

ಕೆಲವು ವರ್ಷಗಳ ಹಿಂದೆ ಈ ಎರಡು ಬೀದಿಗಳು ನಡುವಣ ಬಯಲಿನ ಪಂಪ್‌ಮನೆಗಾಗಿ ತಲೆ ಒಡೆದುಕೊಳ್ಳುತ್ತಿದ್ದವು. ಸುತ್ತಮುತ್ತ ನೀರೆಂಬುದು ಅದೊಂದೇ ಕಡೆ. ಆಗ ಮಂಡಲಿಯ ಹಸಿರು ಟೊಪ್ಪಿಯ ಶಾಂತಿಪಾಲಕ ಸೈನಿಕರು ಬಂದು ಎರಡು ಗುಂಪುಗಳ ನಡುವೆ ನಿಂತರು. ಪಂಪು ದುರಸ್ತಿಯಾಯಿತು, ಅದಕ್ಕೆ ಬೇಕಾದ ಡೀಸೆಲ್ಲು ಮಂಡಲಿಯ ಖರ್ಚಿನಲ್ಲೇ ಬರತೊಡಗಿತು. ಸೈನಿಕರು ಹಿಂತಿರುಗಿದ ಮೇಲೆ ಒಬ್ಬ ಮುಖ್ಯಾಧಿಕಾರಿಣಿ, ಒಬ್ಬ ಗುಮಾಸ್ತ ಮತ್ತು ತಿರುಗುವುದಕ್ಕಿಂತ ಹೆಚ್ಚು ನರಳುವ ಒಂದು ಫ್ಯಾನು, ಇಷ್ಟರಿಂದ ಕೂಡಿದ ಚಿಕ್ಕ ಕಚೇರಿ ಅಲ್ಲಿ ಉಳಿಯಿತು.

ಪಂಪ್‌ಮನೆಯ ಬಾಗಿಲಿಗೆ ಎರಡು ಬೀಗ ಹಾಕಿಸಿದ್ದು ಗುಮಾಸ್ತನ ಬುದ್ಧಿ. ಒಂದರ ಕೀಲಿಕೈ ಮೇಲಿನ ಬೀದಿಯ ಟೈಲರನ ಬಳಿ, ಇನ್ನೊಂದರದು ಕೆಳಗಿನ ಬೀದಿಯ ಬೇಕರಿಯವಳ ಬಳಿ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ನೀರು. ಮೊದಮೊದಲು ಅವರು ಬೆನ್ನಿಗೆ ಬೆನ್ನು ತಿರುಗಿಸಿ ಬೀಗ ತೆಗೆದರು. ಆದರೆ ದಿನಾ ಬೆಳಿಗ್ಗೆ ಸಂಜೆ ಒಂದೇ ಬಾಗಿಲ ಮುಂದೆ ನಿಲ್ಲುವವರು ಎಷ್ಟು ದಿನ ಬೆನ್ನು ತಿರುಗಿಸಿಯಾರು? ಮೊದಲು ಒಂದು ಕೆಮ್ಮು, ಆಮೇಲೆ ಒಂದು ತಲೆಯಾಡಿಸುವಿಕೆ, ಆಮೇಲೆ ಸೆಕೆಯ ಮಾತು, ಆಮೇಲೆ ಮಂಡಿನೋವಿನ ಮಾತು. ಮಂಡಿನೋವಿನವರೆಗೆ ಬಂದ ಸ್ನೇಹ ಹಿಂದಕ್ಕೆ ಹೋಗುವುದಿಲ್ಲ. ಈಗ ಅವರ ಹರಟೆಯಿಂದ ನೀರು ತಡವಾಗುತ್ತಿತ್ತು. ಸಾಲಿನಲ್ಲಿ ನಿಂತವರೂ ಹರಟುತ್ತಿದ್ದುದರಿಂದ ಅದಕ್ಕೂ ಒಂದು ದೂರು ಹುಟ್ಟಲಿಲ್ಲ.

ಹೀಗಿರಲಾಗಿ ಒಂದು ಬೆಳಿಗ್ಗೆ ಗುಮಾಸ್ತ ಹಲ್ಲುಜ್ಜುತ್ತಿದ್ದಾಗ ಮುಖ್ಯಾಧಿಕಾರಿಣಿಯ ಫೋನು ಬಂತು.

"ಗುಮಾಸ್ತರೇ, ಇವತ್ತು ಸಾಯಂಕಾಲ ನೀರು ಬಿಡೋ ಹೊತ್ತಿಗೆ ದೊಡ್ಡ ಕಚೇರಿಯಿಂದ ಪ್ರತಿನಿಧಿ ಬರ್ತಿದ್ದಾರೆ."

"ಬರ್ಲಿ ಮೇಡಂ. ಎಲ್ಲಾ ಶಾಂತವಾಗಿದೆ."

"ಅದೇ ರೀ ಗ್ರಹಚಾರ! ದುಡ್ಡಿಲ್ಲ ಅಂತ ಅರ್ಧ ಕಚೇರಿಗಳನ್ನ ಮುಚ್ತಾ ಇದ್ದಾರೆ. ಎಲ್ಲಿ ಜಗಳ ಇಲ್ವೋ ಅಲ್ಲಿ ಮೊದಲು. ನಮ್ಮ ಲೆಕ್ಕದಲ್ಲಿ ಹೋದ ವರ್ಷದಿಂದ ಒಂದು ಬೈಗುಳವೂ ಇಲ್ಲ."

ಗುಮಾಸ್ತನ ಬಾಯಿಯ ನೊರೆ ಬಾಯಲ್ಲೇ ಉಳಿಯಿತು. "ಮುಚ್ಚಿದ್ರೆ ಪಂಪಿನ ಡೀಸೆಲ್ಲು?"

"ಅದೂ ನಿಲ್ಲುತ್ತೆ."

"ಡೀಸೆಲ್ ನಿಂತ್ರೆ ಇವರು ಮತ್ತೆ ಹೊಡೆದಾಡ್ತಾರೆ ಮೇಡಂ!"

"ಆಗ ಮತ್ತೆ ಕಚೇರಿ ತೆಗೀತಾರಂತೆ."

"ಯಾವಾಗ?"

"ಒಂದೆರಡು ತಲೆ ಒಡೆದ ಮೇಲೆ." ಮುಖ್ಯಾಧಿಕಾರಿಣಿ ನಿಟ್ಟುಸಿರು ಬಿಟ್ಟು ದನಿ ತಗ್ಗಿಸಿದಳು. "ನೋಡಿ, ನಾನೇನೂ ಹೇಳ್ತಿಲ್ಲ. ಆದ್ರೆ ಪ್ರತಿನಿಧಿ ಬರೋದ್ರೊಳಗೆ ಎರಡು ಬೀದಿಗಳ ಮಧ್ಯೆ ಏನಾದ್ರೂ ಸಣ್ಣ ಮನಸ್ತಾಪ... ತಾನಾಗೇ... ಸಹಜವಾಗಿ..."

"ನಾನು ಜಗಳ ತಂದಿಡಬೇಕಾ ಮೇಡಂ?"

"ಶಿವ ಶಿವಾ! ನಾನು ಹಾಗಂದ್ನಾ?" ಎಂದು ಫೋನು ಕೆಳಗಿಟ್ಟಳು.

ಹೆಂಡತಿ ಒಳಗಿನಿಂದ ಕೇಳಿದಳು. "ಏನಂತೆ ರೀ?"

"ಇವತ್ತು ಸಾಯಂಕಾಲದೊಳಗೆ ಒಂದು ಜಗಳ ಬೇಕಂತೆ."

"ಅಷ್ಟೇನಾ? ಕೂತ್ಕೊಳ್ಳಿ, ಈಗ್ಲೇ ಶುರು ಮಾಡೋಣ."

"ನಮ್ಮಿಬ್ಬರದಲ್ವೇ! ಬೀದಿಗಳದು. ನಾನು ತಂದಿಡಬೇಕು."

ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮ ಕೈಲಾಗುತ್ತಾ? ಸೊಳ್ಳೆ ಹೊಡೆಯೋಕೆ ಮುಂಚೆ ಎರಡು ಸಲ ಎಚ್ಚರಿಕೆ ಕೊಡೋರು ನೀವು."

ಈ ಮಾತು ಗುಮಾಸ್ತನ ಪೌರುಷಕ್ಕೆ ತಾಗಿತು. ಹಿಂದಿನ ನೀತಿಕಾರರು ಉಪಾಯಗಳನ್ನು ಸಾಮ, ದಾನ, ಭೇದ, ದಂಡಗಳೆಂದು ನಾಲ್ಕಾಗಿ ವಿಂಗಡಿಸಿದರಷ್ಟೆ. ಅವನ ಆಯುಸ್ಸೆಲ್ಲ ಮೊದಲೆರಡರಲ್ಲೇ ಕಳೆದಿತ್ತು. ನಾಲ್ಕನೆಯದನ್ನು ಅವನು ಹೆಂಡತಿಯ ಕಡೆಯಿಂದ ಮಾತ್ರ ಬಲ್ಲ. ಉಳಿದದ್ದು ಭೇದ. ಎರಡು ಬೀದಿಗಳ ನೀರು ಉಳಿಯಬೇಕಾದರೆ ಅದನ್ನು ಮಧ್ಯಾಹ್ನದೊಳಗೆ ಕಲಿತುಬಿಡಬೇಕೆಂದು ನಿಶ್ಚಯಿಸಿ, ದೇವರಿಗೆ ಮುಂಗಡವಾಗಿಯೇ ಕ್ಷಮೆ ಕೇಳಿ, ಮನೆಯಿಂದ ಹೊರಟ.

ಟೈಲರನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಬಿಸಿ ಹಬೆ. ಟೈಲರು ಅಳತೆಪಟ್ಟಿಯನ್ನು ಕೊರಳಿಗೆ ಇಳಿಬಿಟ್ಟು, ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಕುಳಿತಿದ್ದ.

"ಟೈಲರಣ್ಣ," ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಹೇಳಬಾರದು. ಆದ್ರೂ ಹೇಳ್ತೀನಿ. ನೀವು ಹೊಲಿಯೋ ಅಂಗೀಲಿ ಒಂದು ತೋಳು ಉದ್ದ, ಒಂದು ಗಿಡ್ಡ ಅಂತ ಬೇಕರಿಯಕ್ಕ ಊರೆಲ್ಲಾ ಹೇಳ್ಕೊಂಡು ಬರ್ತಿದ್ದಾರೆ."

ಟೈಲರನ ಮುಖ ಗಂಭೀರವಾಯಿತು. ಅವನು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟ. ಗುಮಾಸ್ತನ ಹೃದಯ ಹರ್ಷದಿಂದ ಹಾರಿತು. ಟೈಲರು ಎದ್ದು, ಗೂಟಕ್ಕೆ ನೇತುಹಾಕಿದ್ದ ಹೊಸ ಅಂಗಿಯೊಂದನ್ನು ಇಳಿಸಿ, ಎರಡೂ ತೋಳುಗಳನ್ನು ಅಳೆದ. ಇನ್ನೊಂದನ್ನು ಅಳೆದ. ಕೊನೆಗೆ ತನ್ನ ಮೈಮೇಲಿನದನ್ನೇ ಅಳೆದುಕೊಂಡ.

"ಅಯ್ಯೋ ದೇವರೇ, ನಿಜ ಕಣ್ರೀ! ಎಡದ ತೋಳು ಗಿಡ್ಡ! ಎಲ್ಲದರಲ್ಲೂ!"

"ನಿಜವಾ?" ಗುಮಾಸ್ತ ಬೆಚ್ಚಿದ. ತಾನು ಹೇಳಿದ್ದು ಶುದ್ಧ ಸುಳ್ಳೆಂದೇ ಅವನು ತಿಳಿದಿದ್ದ.

"ಮೂವತ್ತು ವರ್ಷದಿಂದ ಹೊಲೀತಿದ್ದೀನಿ. ನನ್ನ ಸ್ವಂತ ತಮ್ಮ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ! ಹೇಳೋಕೆ ಇಂಥ ಅಕ್ಕ ಬೇಕಾಯ್ತು ನೋಡಿ." ಟೈಲರು ಕಣ್ಣೊರೆಸಿಕೊಂಡು, ಕಪಾಟಿನಿಂದ ಹೂವಿನಂಚಿನ ಏಪ್ರನ್ ಒಂದನ್ನು ತೆಗೆದ. "ಇದನ್ನ ಅವರಿಗೆ ಕೊಡಿ. ನನ್ನ ನಮಸ್ಕಾರ ತಿಳಿಸಿ. ಇದಕ್ಕೆ ತೋಳಿಲ್ಲ, ಧೈರ್ಯವಾಗಿ ಹಾಕ್ಕೋಬಹುದು ಅನ್ನಿ."

ಕೊಳ್ಳಿಯಿಡಲು ಹೋದವನು ಕೈಯಲ್ಲಿ ಹಣತೆ ಹಿಡಿದು ಹಿಂತಿರುಗಿದಂತಾಯಿತು. ಆದರೂ ಗುಮಾಸ್ತ ಎದೆಗುಂದದೆ ಕೆಳಗಿನ ಬೀದಿಗೆ ಇಳಿದ. ಏಪ್ರನ್ನನ್ನು ಅಂಗಿಯೊಳಗೆ ತುರುಕಿಕೊಂಡಿದ್ದರಿಂದ ಹೊಟ್ಟೆ ಮುಂದೆ ಬಂದು, ನೋಡಿದವರಿಗೆ ಅವನು ಆ ಬೆಳಿಗ್ಗೆಯೇ ದಪ್ಪಗಾದಂತೆ ಕಂಡಿತು.

ಬೇಕರಿಯವಳು ಒಲೆಯ ಮುಂದೆ ಉದ್ದ ಹಿಡಿಯ ಸಲಿಕೆಯಿಂದ ಬನ್ನುಗಳನ್ನು ಹೊರಗೆಳೆಯುತ್ತಿದ್ದಳು. ಆ ಸಲಿಕೆಯನ್ನು ಕಂಡು ಗುಮಾಸ್ತ ಒಂದು ಮಾರು ದೂರದಲ್ಲೇ ನಿಂತು ಮಾತಾಡಿದ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬನ್ನು ತಿನ್ನೋದಕ್ಕಲ್ಲ, ಗೋಡೆ ಕಟ್ಟೋದಕ್ಕೆ ಲಾಯಕ್ಕು ಅಂತ ಟೈಲರಣ್ಣ ಅಂದ್ರು."

ಸಲಿಕೆ ನೆಲಕ್ಕೆ ಬಿತ್ತು. "ಹಾಗಂದ್ರಾ?"

"ಅಂದ್ರು. ಜೋರಾಗೇ ಅಂದ್ರು."

"ಛೇ, ಛೇ, ಛೇ!" ಬೇಕರಿಯವಳು ಹಣೆ ಚಚ್ಚಿಕೊಂಡಳು. "ನನ್ನ ಬುದ್ಧಿಗಿಷ್ಟು! ಪಾಪ, ಅವರು ಹಲ್ಲುಸೆಟ್ಟು ಹಾಕಿಸ್ಕೊಂಡಿದ್ದಾರೆ ಅಂತ ಗೊತ್ತಿದ್ದೂ ದಿನಾ ಗಟ್ಟಿ ಬನ್ನೇ ಕಳಿಸ್ತಿದ್ದೀನಿ. ಎಷ್ಟು ನೋವು ತಿಂದ್ರೋ ಏನೋ! ತಗೊಳ್ಳಿ, ಈ ಮೆತ್ತನೆ ಹಾಲುಬ್ರೆಡ್ಡು ಬಿಸಿ ಇರೋವಾಗ್ಲೇ ಅವರಿಗೆ ತಲುಪಿಸಿ. ಏನ್ರೀ ಅದು, ನಿಮ್ಮ ಹೊಟ್ಟೆಗೇನಾಯ್ತು?"

ಗುಮಾಸ್ತ ಅಂಗಿಯೊಳಗಿನಿಂದ ಏಪ್ರನ್ನನ್ನು ಎಳೆದುಕೊಟ್ಟ. ಬೇಕರಿಯವಳ ಕಣ್ಣಲ್ಲಿ ನೀರಾಡಿತು. ಮುಂದಿನ ಒಂದು ಗಂಟೆಯ ಕಾಲ ಭೇದೋಪಾಯದ ಈ ಅಭ್ಯಾಸಿ ಎರಡು ಬೀದಿಗಳ ನಡುವೆ ಬ್ರೆಡ್ಡು, ಕೃತಜ್ಞತೆ, ಮರುಕೃತಜ್ಞತೆಗಳನ್ನು ಹೊತ್ತು ಏದುಸಿರುಬಿಡುತ್ತ ಹತ್ತಿಳಿದ.

ಮಧ್ಯಾಹ್ನ ಬೀದಿಗಳು ನಿರ್ಜನವಾಗಿದ್ದ ಹೊತ್ತು ನೋಡಿ ಅವನು ಕೊಂಚ ಕ್ರೂರವಾದ ಉಪಾಯವನ್ನು ಕೈಗೊಂಡ. ಮೇಲಿನ ಬೀದಿಯ ಚಕ್ರದ ಕಸದ ತೊಟ್ಟಿಯನ್ನು ಮೂಗುಮುಚ್ಚಿಕೊಂಡು ಇಳಿಜಾರಿನಲ್ಲಿ ತಳ್ಳಿದ. ತೊಟ್ಟಿ ಮದುವೆಮನೆಗೆ ತಡವಾದ ಬೀಗರಂತೆ ಧಡಧಡನೆ ಇಳಿದು, ಕೆಳಗಿನ ಬೀದಿಯ ನಟ್ಟನಡುವೆ ಮಗುಚಿ, ಮೇಲಿನವರ ವಾರದ ಗುಟ್ಟನ್ನೆಲ್ಲ ಕೆಳಗಿನವರ ಹೊಸ್ತಿಲಿಗೆ ಚೆಲ್ಲಿತು.

"ಶಭಾಷ್!" ಎಂದು ಜಗುಲಿಯಿಂದ ಒಂದು ಧ್ವನಿ. ಕೆಳಗಿನ ಬೀದಿಯ ನಿವೃತ್ತ ಪೋಸ್ಟ್‌ಮನ್ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದ್ದ. "ಸಾಯಂಕಾಲ ದೊಡ್ಡೋರು ಬರ್ತಾರೆ ಅಂತ ಚೊಕ್ಕಟ ಮಾಡ್ತಿದ್ದೀರಾ? ಒಬ್ಬರೇ ಯಾಕೆ ಕಷ್ಟಪಡ್ತೀರಿ ಗುಮಾಸ್ತರೇ? ಏಯ್, ಎಲ್ಲಾ ಬನ್ರೋ! ಗುಮಾಸ್ತರು ತೊಟ್ಟಿ ತೊಳೆಯೋಕೆ ತಂದಿದ್ದಾರೆ!"

"ಅಲ್ಲ ಅಜ್ಜ, ಅದು ಮೇಲಿನ ಬೀದಿಯವರ ಕಸ..."

"ಯಾರದ್ದಾದ್ರೇನು, ಕಸಕ್ಕೆ ಬೀದಿ ಉಂಟಾ?"

ಕ್ಷಣಾರ್ಧದಲ್ಲಿ ಪೊರಕೆಗಳು ಹೊರಬಂದವು. ಸದ್ದು ಕೇಳಿ ಮೇಲಿನ ಬೀದಿಯವರೂ ಪೊರಕೆ ಹಿಡಿದು ಇಳಿದರು. ಗುಮಾಸ್ತನ ಕೈಗೂ ಒಂದು ಪೊರಕೆ ಬಂತು. ಮೂರು ಹೊಡೆಯುವ ವೇಳೆಗೆ ಎರಡು ಬೀದಿಗಳೂ ಹಬ್ಬದ ಹಿಂದಿನ ದಿನದ ಪಾತ್ರೆಗಳಂತೆ ಹೊಳೆಯುತ್ತಿದ್ದವು. ಅದನ್ನು ಕಂಡ ಮುಖ್ಯಾಧಿಕಾರಿಣಿ ಕಚೇರಿಯ ಕಿಟಕಿಯಿಂದ ತಲೆಯ ಮೇಲೆ ಕೈಹೊತ್ತಳು.

ಇನ್ನುಳಿದದ್ದು ಪಂಪ್‌ಮನೆ. ಗುಮಾಸ್ತ ಅಂಗಡಿಯಿಂದ ತಕ್ಷಣ ಗಟ್ಟಿಯಾಗುವ ಅಂಟಿನ ಒಂದು ಟ್ಯೂಬು ಕೊಂಡ. ಕೆಳಗಿನ ಬೀದಿಯ ಬೀಗದೊಳಗೆ ಅಂಟು ತುಂಬಿದರೆ ಕೀಲಿಕೈ ಹೋಗದು, ನೀರು ಬಾರದು, ಮೇಲಿನವರು ಕೆಳಗಿನವರನ್ನು ದೂರುವರು, ಅಷ್ಟರಲ್ಲಿ ಪ್ರತಿನಿಧಿ ಬರುವನು. ಯೋಜನೆಯಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ನಡುಗುವ ಕೈಯಲ್ಲಿ. ತಾನೇ ಹಾಕಿಸಿದ ಬೀಗಕ್ಕೆ ತಾನೇ ದ್ರೋಹ ಬಗೆಯುವಾಗ ಯಾರ ಕೈ ತಾನೆ ನಡುಗದು? ಅಂಟು ಬೀಗದೊಳಗೆ ಹೋದಷ್ಟೇ ಹೊರಗೂ ಚೆಲ್ಲಿತು. ಅವನು ಗಾಬರಿಯಿಂದ ಒರೆಸಿದ. ಒರೆಸಿದ ಬೆರಳುಗಳು ಅಲ್ಲೇ ನಿಂತವು. ಎಳೆದ. ಬೀಗ ಬಾಗಿಲನ್ನೂ ಬಿಡಲಿಲ್ಲ, ಗುಮಾಸ್ತನನ್ನೂ ಬಿಡಲಿಲ್ಲ.

ಹೀಗೆ ಬೀಗಮುದ್ರಿತನಾಗಿ ಅವನು ನಿಂತಿದ್ದಾಗಲೇ ಬಕೆಟ್ಟುಗಳ ಸಾಲು ನೆರೆಯಿತು. ಟೈಲರೂ ಬೇಕರಿಯವಳೂ ಕೀಲಿಕೈ ಆಡಿಸುತ್ತ ಹರಟುತ್ತ ಬಂದರು. ಹಿಂದೆಯೇ ಬಕೆಟ್ಟು ಹಿಡಿದು ಅವನ ಹೆಂಡತಿ.

"ಏನ್ ಗುಮಾಸ್ತರೇ, ಪಂಪ್ ಕಾಯ್ತಿದ್ದೀರಾ?" ಎಂದ ಟೈಲರು.

"ಹೂಂ."

"ಸರಿ, ಈಚೆ ಬನ್ನಿ, ಬೀಗ ತೆಗೀತೀವಿ."

"ಬರೋಕಾಗಲ್ಲ."

"ಯಾಕೆ?"

"ಕೈ... ಇಲ್ಲೇ ಇರ್ಬೇಕು ಅಂತಿದೆ."

ಟೈಲರು ಹಿಡಿದೆಳೆದ. ಪೋಸ್ಟ್‌ಮನ್ ಟೈಲರನ್ನು ಹಿಡಿದೆಳೆದ. ಗುಮಾಸ್ತನ ಕಿರುಚಾಟ ಹೊರಬಂತೇ ಹೊರತು ಬೆರಳು ಬರಲಿಲ್ಲ. ಸುಸ್ತಾದ ಟೈಲರು ಬೆವರೊರೆಸಿಕೊಳ್ಳುತ್ತ ಬೇಕರಿಯವಳಿಗೆ ಹೇಳಿದ: "ಅಕ್ಕ, ಬೆಳಿಗ್ಗೆ ಖುದ್ದಾಗಿ ಹೇಳೋಕಾಗಲಿಲ್ಲ. ತೋಳಿನ ವಿಷಯ ತಿಳಿಸಿದ್ದು ದೊಡ್ಡ ಉಪಕಾರ."

"ಯಾವ ತೋಳು?"

"ಅಂಗಿ ತೋಳು ಗಿಡ್ಡ ಅಂದ್ರಲ್ಲ."

"ನಾನ್ಯಾಕೆ ಅನ್ನಲಿ ಅಣ್ಣ? ನೀವೇ ಅಲ್ವಾ ನನ್ನ ಬನ್ನಲ್ಲಿ ಗೋಡೆ ಕಟ್ಟಬಹುದು ಅಂದಿದ್ದು?"

"ನಾನಾ! ಆ ಬನ್ನು ತಿಂದೇ ಬದುಕಿರೋನು ನಾನು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ನಿಧಾನವಾಗಿ ಗುಮಾಸ್ತನ ಕಡೆ ತಿರುಗಿದರು. ಅದೇ ಕ್ಷಣಕ್ಕೆ ಅವನ ಜೇಬಿನಿಂದ ಅಂಟಿನ ಟ್ಯೂಬು ಜಾರಿ, ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಂತೆ ಟೈಲರನ ಕಾಲಬುಡದಲ್ಲಿ ಬಿತ್ತು.

"ಹಾಗಾದ್ರೆ ತೊಟ್ಟೀನೂ ತೊಳೆಯೋಕೆ ತಂದದ್ದಲ್ಲ!" ಎಂದು ಪೋಸ್ಟ್‌ಮನ್ ಕೋಲು ಕುಟ್ಟಿದ. "ನನ್ನ ಸೊಂಟ ಬಿದ್ದುಹೋಯ್ತಲ್ಲೋ ಗುಡಿಸಿ ಗುಡಿಸಿ!"

ಆಗ ಎದ್ದ ಕೋಲಾಹಲವನ್ನು ವರ್ಣಿಸಲು ಮಾತು ಸಾಲದು. ಮೇಲಿನ ಬೀದಿ ಕೆಳಗಿನ ಬೀದಿಗಳು ಭುಜಕ್ಕೆ ಭುಜ ಹಚ್ಚಿ, ಬಕೆಟ್ಟಿಗೆ ಬಕೆಟ್ಟು ತಾಗಿಸಿ, ಒಂದೇ ಕಂಠದಿಂದ ಒಬ್ಬನನ್ನೇ ಬೈದವು. ಈ ಗದ್ದಲದ ನಡುವೆ ಮಂಡಲಿಯ ಬಿಳಿಯ ಕಾರು ಬಂದು ನಿಂತಿತು. ಕನ್ನಡಕದ ಮೇಲಿನಿಂದ ನೋಡುವ ಬಡಕಲು ಪ್ರತಿನಿಧಿ, ಮುಚ್ಚಬೇಕಾದ ಕಚೇರಿಗಳನ್ನು ಮುಚ್ಚಿ ಮುಚ್ಚಿ ಬೇಸತ್ತು ಆಕಳಿಸುತ್ತ ಇಳಿದವನು, ಗಲಾಟೆ ಕೇಳಿದೊಡನೆ ಅಡುಗೆಮನೆಯ ಘಮ ಮೂಗಿಗೆ ಬಡಿದ ಉಪವಾಸಿಯಂತೆ ಚುರುಕಾದ.

"ಯಾರ್ಯಾರಿಗೆ ಜಗಳ?"

"ಈ ಮನುಷ್ಯನಿಗೂ ನಮ್ಮೆಲ್ಲರಿಗೂ!" ಎಂದಳು ಬೇಕರಿಯವಳು.

"ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಅಲ್ವಾ?"

"ನಾವ್ಯಾಕ್ರೀ ಜಗಳ ಆಡೋಣ? ನಮಗೇನು ಬಂದಿದೆ?" ಎಂದ ಟೈಲರು.

ಪ್ರತಿನಿಧಿಯ ಮುಖ ಮತ್ತೆ ಬಾಡಿತು. "ಹಾಗಾದ್ರೆ ಕ್ಷಮಿಸಿ. ನಾನು ಬಂದಿದ್ದು ಈ ಕಚೇರಿ ಮುಚ್ಚೋಕೆ. ಪಂಪಿನ ಡೀಸೆಲ್ಲು ಈ ತಿಂಗಳಿಗೆ ಕೊನೆ."

ಖಾಲಿ ಬಕೆಟ್ಟೊಂದು ಯಾರದೋ ಕೈಯಿಂದ ಜಾರಿ ಉರುಳಿತು. ಆಗ, ಸೊಳ್ಳೆಯನ್ನೂ ಗದರಿಸದ ಗುಮಾಸ್ತ, ಬಾಗಿಲಿಗೆ ಅಂಟಿಕೊಂಡೇ, ಎದೆ ಸೆಟೆಸಿ ಗರ್ಜಿಸಿದ:

"ಅದಕ್ಕೇ ರೀ ಇಷ್ಟೆಲ್ಲಾ ಮಾಡಿದ್ದು! ಜಗಳ ಇಲ್ಲ ಅಂದ್ರೆ ಡೀಸೆಲ್ ಇಲ್ಲ ಅಂದ್ರು. ನಿಮ್ಮಿಬ್ಬರನ್ನ ಜಗಳ ಆಡಿಸೋಣ ಅಂತ ಬೆಳಿಗ್ಗೆಯಿಂದ ಒದ್ದಾಡಿದ್ದೀನಿ, ಒಬ್ಬರಾದ್ರೂ ಮುಖ ಗಂಟು ಹಾಕ್ಕೊಂಡ್ರಾ? ಸಾರ್, ನೀವು ಹೇಳಿ. ಮೊದಲು ಇದೇ ಬಾಗಿಲ ಮುಂದೆ ವಾರಕ್ಕೊಂದು ತಲೆ ಒಡೀತಿತ್ತು. ಈಗ ಒಡೀತಿಲ್ಲ. ಒಡೀದೇ ಇರೋ ತಲೆಗಳನ್ನೂ ಲೆಕ್ಕಕ್ಕೆ ತಗೊಳ್ಳಿ ಸಾರ್!"

ಪ್ರತಿನಿಧಿ ಕನ್ನಡಕ ತೆಗೆದು ಒರೆಸಿಕೊಂಡ. "ನೀವು ಹೇಳೋದು ಸತ್ಯ. ನಾನೂ ಮಹಾಸಭೇಲಿ ಇದನ್ನೇ ಹೇಳಿ ಬೈಸ್ಕೊಂಡಿದ್ದೀನಿ. ಆದ್ರೆ ಆಗದೇ ಇರೋ ಜಗಳಕ್ಕೆ ನಮ್ಮ ವರದೀಲಿ ಕಾಲಮ್ಮೇ ಇಲ್ಲ. ಉರೀತಿರೋ ಮನೆಗೆ ನೀರು ಕಳಿಸ್ತಾರೆ. ಆರಿಸಿದ ಮನೆಗೆ ಯಾರೂ ಕಳಿಸಲ್ಲ."

ಬೇಕರಿಯವಳು ಟೈಲರನ್ನು ನೋಡಿದಳು. ಟೈಲರು ಬೇಕರಿಯವಳನ್ನು ನೋಡಿದ. ವರ್ಷಗಟ್ಟಲೆ ಒಂದೇ ಬಾಗಿಲನ್ನು ಎರಡು ಕೈಯಿಂದ ತೆರೆದವರಿಗೆ ಮಾತು ಬೇಕಾಗುವುದಿಲ್ಲ. ಮರುಕ್ಷಣ ಬೇಕರಿಯವಳು ಬಕೆಟ್ಟನ್ನು ನೆಲಕ್ಕೆ ಬಡಿದಳು.

"ಜಗಳ ಇಲ್ಲ ಅಂತ ಯಾರ್ರೀ ಹೇಳಿದ್ದು? ಇಲ್ಲೇ ಕಣ್ಣೆದುರಿಗೆ ನಡೀತಿದೆಯಲ್ಲ! ಈ ಮನುಷ್ಯನನ್ನ ನಾವು ಈ ಜನ್ಮದಲ್ಲಿ ಕ್ಷಮಿಸಲ್ಲ!"

"ಮುಂದಿನ ಜನ್ಮದಲ್ಲೂ ಯೋಚನೆ ಮಾಡಿ ಹೇಳ್ತೀವಿ!" ಎಂದ ಟೈಲರು.

"ಸುಳ್ಳುಗಾರ!" ಎಂದು ಸಾಲಿನಿಂದ ಒಂದು ಕೂಗು.

"ಕಸಗಾರ!" ಎಂದು ಇನ್ನೊಂದು.

"ಸೊಂಟಮುರುಕ!" ಎಂದ ಪೋಸ್ಟ್‌ಮನ್, ಕಣ್ಣು ಮಿಟುಕಿಸುತ್ತ.

ಗುಮಾಸ್ತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದೊಡನೆ ಅವನ ಮುಖ ಅರಳಿತು. ಕೂಡಲೇ ಅದನ್ನು ಕಷ್ಟಪಟ್ಟು ಮುದುಡಿಸಿಕೊಂಡ. "ನಾನೂ ನಿಮ್ಮನ್ನ ಬಿಡಲ್ಲ!" ಎಂದು ಕೂಗಿ, ಉಳಿದ ಒಂದು ಮುಷ್ಟಿಯನ್ನು ಆಡಿಸಿದ. "ನೀವು... ನೀವು... ಬಹಳ ಒಳ್ಳೆಯವರಲ್ಲ!" ಬೈಗುಳ ಅವನ ನಾಲಿಗೆಗೆ ಹೊಸದು.

ಪ್ರತಿನಿಧಿ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರವಿ ಗಂಭೀರನಾಗಿ ಬರೆದುಕೊಂಡ. "ಒಂದು ಕಡೆ ಎರಡು ಬೀದಿ, ಇನ್ನೊಂದು ಕಡೆ ಒಬ್ಬನೇ ಮನುಷ್ಯ. ವಿಷಮ ಸಂಘರ್ಷ! ದುರ್ಬಲ ಪಕ್ಷದ ರಕ್ಷಣೆ ಮಂಡಲಿಯ ಪರಮಕರ್ತವ್ಯ." ಅವನ ಕಣ್ಣು ತೇವವಾದಂತಿತ್ತು, ಒಂದು ಕಚೇರಿಯನ್ನಾದರೂ ಮುಚ್ಚದೆ ಹೋಗುವ ಭಾಗ್ಯ ಅವನಿಗೂ ಬಹುದಿನಗಳ ಮೇಲೆ ಬಂದದ್ದು. "ಐದು ವರ್ಷದ ಮಂಜೂರಾತಿ ಕೊಡ್ತೀನಿ. ಕಚೇರಿ ಇರುತ್ತೆ. ಡೀಸೆಲ್ಲೂ ಇರುತ್ತೆ!"

ಬಯಲಿನಲ್ಲಿ ಜಯಘೋಷ ಮುಗಿಲು ಮುಟ್ಟಿತು. ಬಕೆಟ್ಟುಗಳು ನಗಾರಿಗಳಾದವು. ನಾಲ್ಕು ಜನ ಗುಮಾಸ್ತನನ್ನು ಹೆಗಲ ಮೇಲೆತ್ತಲು ನುಗ್ಗಿದರು.

"ಎತ್ಬೇಡಿ!" ಎಂದು ಗದ್ದಲ ಕೇಳಿ ಕಚೇರಿಯಿಂದ ಓಡಿಬಂದಿದ್ದ ಮುಖ್ಯಾಧಿಕಾರಿಣಿ ಹಲ್ಲುಕಚ್ಚಿ ಪಿಸುಗುಟ್ಟಿದಳು. "ಶತ್ರು ಅವರು!"

ಎತ್ತಲು ಬಂದವರು ಅಲ್ಲೇ ನಿಂತು, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಅವನಿಗೆ ಮುಷ್ಟಿ ತೋರಿಸಿ ಹಿಂದೆ ಸರಿದರು.

"ಸಾರ್," ಗುಮಾಸ್ತ ಆನಂದದಿಂದ ತೊದಲಿದ. "ಹಾಗಾದ್ರೆ ನಾಳೆಯಿಂದ ನಾನು ಎಂದಿನ ಹಾಗೆ ಕೆಲಸಕ್ಕೆ..."

"ನೀವಾ?" ಪ್ರತಿನಿಧಿ ಅನುಕಂಪದಿಂದ ನೋಡಿದ. "ಜಗಳದಲ್ಲಿ ನೀವೇ ಒಂದು ಪಕ್ಷ. ಪಕ್ಷದವರಿಗೆ ನಾವು ಸಂಬಳ ಕೊಡೋ ಹಾಗಿಲ್ಲ. ರಕ್ಷಣೆ ಕೊಡ್ತೀವಿ, ಕಂಬಳಿ ಕೊಡ್ತೀವಿ. ಇನ್ನೊಂದು ಮಾತು. ಆಗಾಗ ಪರಿಶೀಲನೆಗೆ ಬರ್ತೀನಿ. ನೀವೂ ಇವರೂ ರಾಜಿ ಆದ್ರಿ ಅಂತ ಗೊತ್ತಾದ್ರೆ ಆವತ್ತೇ ಡೀಸೆಲ್ ಬಂದ್."

ಗುಮಾಸ್ತ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದ.

"ಈಗ ಆ ಜಾಗಕ್ಕೆ ಹೊಸಬರು ಬೇಕು," ಪ್ರತಿನಿಧಿ ಜನರತ್ತ ತಿರುಗಿದ. "ಎರಡೂ ಬೀದಿ ಒಪ್ಪೋರಾಗಿರ್ಬೇಕು. ಮುಖ್ಯವಾಗಿ, ಈ ಮನುಷ್ಯನನ್ನ ಹದ್ದುಬಸ್ತಿನಲ್ಲಿ ಇಡಬಲ್ಲೋರಾಗಿರ್ಬೇಕು."

ಎಲ್ಲರ ದೃಷ್ಟಿಯೂ ಸಾಲಿನ ಮೂರನೆಯ ಬಕೆಟ್ಟಿನ ಹಿಂದೆ ನಿಂತಿದ್ದ ಗುಮಾಸ್ತನ ಹೆಂಡತಿಯ ಮೇಲೆ ಹೋಗಿ ನಿಂತಿತು. ಅವಳು ಯಾರೆಂದು ಪೋಸ್ಟ್‌ಮನ್ ಪ್ರತಿನಿಧಿಯ ಕಿವಿಯಲ್ಲಿ ಹೇಳಿದ.

"ಇವರು ಅವರ ಹೆಂಡತಿ ಅಂತೀರಿ," ಪ್ರತಿನಿಧಿ ಹಿಂಜರಿದ. "ಗಂಡನ ಪಕ್ಷ ವಹಿಸಿದ್ರೆ?"

"ಸಾರ್," ಟೈಲರು ಎದೆಯ ಮೇಲೆ ಕೈಯಿಟ್ಟು ಹೇಳಿದ, "ಆಯಮ್ಮ ಗಂಡನ ಪಕ್ಷ ವಹಿಸಿದ್ದನ್ನ ಈ ಎರಡು ಬೀದೀಲಿ ಇವತ್ತಿನವರೆಗೆ ಯಾರೂ ನೋಡಿಲ್ಲ."

ನೇಮಕಾತಿ ಅಲ್ಲಿಯೇ ಆಯಿತು. ಹೊಸ ಗುಮಾಸ್ತೆ ಸೆರಗು ಸಿಕ್ಕಿಸಿಕೊಂಡು, ಬಿಸಿನೀರು ಎಣ್ಣೆಗಳನ್ನು ತರಿಸಿ, ಬೀಗಕ್ಕೂ ಗಂಡನಿಗೂ ನಡುವಣ ಮೊಟ್ಟಮೊದಲ ಸಂಧಾನವನ್ನು ಎರಡೇ ಎಳೆತದಲ್ಲಿ ಮುಗಿಸಿದಳು. ಬಡಗಿ ಬಂದು ಬಾಗಿಲಿನ ಕೊಂಡಿ ಬಿಚ್ಚಿದ. ಪಂಪು ಕೆಮ್ಮಿ, ಸೀನಿ, ಗುಡುಗಿತು, ನೀರು ಧುಮುಕಿತು.

ಆ ಸಂಜೆ ಪಂಪ್‌ಮನೆಯ ಬಯಲಿನಲ್ಲಿ ವಿಜಯದ ಕೂಟ. ಪ್ರತಿನಿಧಿ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ. ಶತ್ರುವಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಮಾಜಿ ಗುಮಾಸ್ತ ಮಂಡಲಿಯ ಕಂಬಳಿ ಹೊದ್ದು ತನ್ನ ಮನೆಯ ಕಿಟಕಿಯಿಂದಲೇ ಎಲ್ಲವನ್ನೂ ನೋಡಿದ. ಟೈಲರೂ ಬೇಕರಿಯವಳೂ ಒಂದೇ ಬೆಂಚಿನಲ್ಲಿ ಕುಳಿತು ಮಂಡಿನೋವಿನ ಮಾತಾಡುತ್ತಿದ್ದರು. ತುಂಬಿದ ಬಕೆಟ್ಟುಗಳಲ್ಲಿ ದೀಪದ ಬೆಳಕು ತುಳುಕಾಡುತ್ತಿತ್ತು. ಇನ್ನು ಐದು ವರ್ಷ ಈ ಬಾಗಿಲ ಮುಂದೆ ಒಂದು ತಲೆಯೂ ಒಡೆಯದೆಂಬುದನ್ನು ನೆನೆದು ಅವನ ಎದೆ ಉಬ್ಬಿತು. ಗೆದ್ದೆನೆಂದೇ ಅವನಿಗೆ ಅನ್ನಿಸಿತು; ನಿಜವಾಗಿಯೂ ಗೆದ್ದಿದ್ದ.

"ಮಂಡಲಿಗೆ ಜಯವಾಗಲಿ!" ಎಂದು ಕೂಗೆದ್ದಿತು. "ಎರಡೂ ಬೀದಿಗೆ ಜಯವಾಗಲಿ!" ಎಂದು ಮತ್ತೊಂದು. ಕಂಬಳಿಯೊಳಗಿನಿಂದ ಅವನೂ ಮೆಲ್ಲಗೆ ಜಯವಾಗಲಿ ಎಂದ. ಆಮೇಲೆ ಪ್ರತಿನಿಧಿಯ ಸಮಾಧಾನಕ್ಕಾಗಿ, ನಿಯಮದಂತೆ, ಮಾಜಿ ಗುಮಾಸ್ತನಿಗೆ ಧಿಕ್ಕಾರ ಹೇಳುವ ಸರದಿ ಬಂತು. ಜನ ಪಾಪ, ಪ್ರೀತಿಯಿಂದ, ಅರೆಮನಸ್ಸಿನಿಂದ ಗೊಣಗಿದರು.

ಆಗ ಅವನ ಹೆಂಡತಿ ಸ್ಟೂಲಿನ ಮೇಲೆ ಹತ್ತಿ ನಿಂತು, ಕತ್ತಿನ ಹೊಸ ಬ್ಯಾಡ್ಜನ್ನು ಸರಿಪಡಿಸಿಕೊಂಡು, ಮುಷ್ಟಿ ಎತ್ತಿ ಆ ಧಿಕ್ಕಾರವನ್ನು ಮತ್ತೆ ಮೊದಲಿನಿಂದ ಕೂಗಿಸಿದಳು. ಅಭ್ಯಾಸವಿದ್ದ ಕಂಠ; ಒಮ್ಮೆಯೂ ತಡವರಿಸಲಿಲ್ಲ.